ಬಿಸ್ಕತ್ ಡಬ್ಬಿಯಲ್ಲಿ ಒಂಬತ್ತು ಎಲೆ

ಪಕ್ಕದ ಮನೆಯ ಅಜ್ಜಿ ಡಬ್ಬಿ ತಂದು ಮೇಜಿನ ಮೇಲಿಟ್ಟಾಗ, ಚಹಾದ ಜೊತೆ ಬಿಸ್ಕತ್ ಬಂತು ಅಂದುಕೊಂಡೆ. ಮುಚ್ಚಳ ತೆಗೆದರೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಲೇಸ್ ಕಾಲರ್. ಬಣ್ಣ ಕೆನೆಗೆ ತಿರುಗಿತ್ತು. ಒಂದು ಮೂಲೆಯಲ್ಲಿ ಚಹಾ ಕಲೆ.

"ನಮ್ಮಮ್ಮನ ಅಮ್ಮ ಕೈಯಾರೆ ಮಾಡಿದ್ದು. ಕ್ಯಾರಿಕ್‌ಮ್ಯಾಕ್ರಾಸ್ ಲೇಸ್" ಎಂದರು.

ನಾನು ಗದಗಿನ ಕಡೆಯವಳು. ಐರ್ಲೆಂಡಿನ ಮೊನಹನ್ ಕೌಂಟಿಯಲ್ಲಿ ನರ್ಸ್ ಆಗಿದ್ದೇನೆ. ಇತಿಹಾಸ ಓದಿದವಳಲ್ಲ. ಆದರೆ ನಮ್ಮಜ್ಜಿಯ ಇಳಕಲ್ ಸೀರೆಯ ಮೇಲಿನ ಕಸೂತಿ ನೋಡಿ ಆಸೆಯಾಗಿ, ಶಾಲೆಯ ಕ್ರಾಫ್ಟ್ ಕ್ಲಾಸಿನಲ್ಲಿ ಗವಂತಿ, ಮುರ್ಗಿ ಹೊಲಿಗೆ ಕಲಿತಿದ್ದೆ. ಅಂದಿನಿಂದ ಯಾವ ಕೈಕೆಲಸ ಕಂಡರೂ ತಿರುವಿ ಹಾಕಿ ಹಿಂಭಾಗ ನೋಡುವ ಚಟ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಅಲ್ವಾ? ಈ ಕಾಲರ್ ನೋಡಿದರೆ ಬರೀ ಗಂಟು. ಹೂವಿಗೂ ಹೂವಿಗೂ ನಡುವಿನ ಜಾಗದಲ್ಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಗಂಟುಗಳು.

ಅಲ್ಲೇ ಅನುಮಾನ ಬಂತು. ಕ್ಯಾರಿಕ್‌ಮ್ಯಾಕ್ರಾಸ್ ಲೇಸ್ ನಾನು ಅದೇ ಊರಿನಲ್ಲಿ ನೋಡಿದ್ದೆ. ಅದರಲ್ಲಿ ಬಲೆಯಂಥ ಬಟ್ಟೆಯ ಮೇಲೆ ತೆಳು ಮಸ್ಲಿನ್ ಇಟ್ಟು, ಚಿತ್ರದ ಅಂಚಿಗೆ ನೂಲು ಕೂರಿಸಿ ಹೊಲಿಯುತ್ತಾರೆ. ಆಮೇಲೆ ಬೇಡದ ಮಸ್ಲಿನ್ನನ್ನು ಕತ್ತರಿಯಿಂದ ತೆಗೆಯುತ್ತಾರೆ. ಮುಟ್ಟಿದರೆ ಸಪಾಟು. ಈ ಕಾಲರ್ ಮುಟ್ಟಿದರೆ ಉಬ್ಬು. ಬಲೆಯೂ ಇಲ್ಲ, ಮಸ್ಲಿನ್ನೂ ಇಲ್ಲ. ಪೂರ್ತಿ ಕ್ರೋಶಾ ಕಡ್ಡಿಯ ಕೆಲಸ.

ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿದ್ದೆ. ಎಂಬತ್ತು ದಾಟಿದವರಿಗೆ ಚಹಾ ಕುಡಿಯುತ್ತಾ ನಿಮ್ಮ ಮನೆತನದ ಕಥೆ ತಪ್ಪು ಅನ್ನೋಕಾಗುತ್ತಾ?

ರಜೆಯಲ್ಲಿ ಮೊದಲು ಡಬ್ಲಿನ್‌ಗೆ ಹೋದೆ. ಕಾಲಿನ್ಸ್ ಬ್ಯಾರಕ್ಸ್ ಎಂಬ ಹಳೇ ಸೈನ್ಯದ ವಸತಿಯಲ್ಲಿ ನ್ಯಾಷನಲ್ ಮ್ಯೂಸಿಯಂನ ಒಂದು ಭಾಗ ಇದೆ. ಟಿಕೆಟ್ ಇಲ್ಲ. ಅಲ್ಲಿ 250 ವರ್ಷಗಳ ಐರಿಷ್ ಉಡುಪು, ಒಡವೆ ಇಟ್ಟಿದ್ದಾರೆ. ಚೆನ್ನಾಗಿತ್ತು. ಆದರೆ ಅದು ಹಾಕಿಕೊಂಡವರ ಬಟ್ಟೆ. ನನಗೆ ಬೇಕಿದ್ದವರು ಮಾಡಿದವರು. ಹಾಗಾಗಿ ಮುಂದಿನ ರಜೆಗೆ ನಮ್ಮದೇ ಕೌಂಟಿಯ ಪಶ್ಚಿಮ ತುದಿಯ ಕ್ಲೋನಿಸ್‌ಗೆ ಹೋದೆ. ಇಂಗ್ಲಿಷಿನಲ್ಲಿ ಬರೆದಿದ್ದನ್ನು ಓದಿ 'ಕ್ಲೋನ್ಸ್' ಅಂದು ನಗೆಪಾಟಲಾದವರಲ್ಲಿ ನಾನೂ ಒಬ್ಬಳು.

ಕ್ಲೋನಿಸ್‌ನ ಹಳೇ ಕಾಲುವೆ ಗೋದಾಮಿನಲ್ಲಿ ಲೇಸ್ ಇಟ್ಟಿದ್ದರು. ಗಾಜಿನ ಹಿಂದೆ ಅದೇ ಸಾಸಿವೆ ಗಂಟು. ಅದಕ್ಕೆ ಹೆಸರೇ ಕ್ಲೋನಿಸ್ ಗಂಟು. ನೂಲನ್ನು ಕಡ್ಡಿಗೆ ಮತ್ತೆ ಮತ್ತೆ ಸುತ್ತಿ ಒಂದೇ ಸಲಕ್ಕೆ ಬಿಗಿಯುತ್ತಾರೆ. ಹೂವಿನ ಉಬ್ಬಿಗೆ ಒಳಗೆ ದಪ್ಪ ದಾರ ಇಟ್ಟು ಅದರ ಮೇಲೆ ಹೆಣೆಯುತ್ತಾರೆ. ನಾನೂ ಆ ಗಂಟು ಪ್ರಯತ್ನಿಸಿದೆ. ಮೂರು ದಿನ ಕೂತರೂ ಒಂದೂ ನೆಟ್ಟಗೆ ಬರಲಿಲ್ಲ.

ಈ ಕೆಲಸ ಹುಟ್ಟಿದ್ದು ಶೋಕಿಗಲ್ಲ, ಹಸಿವಿಗೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಆಲೂಗಡ್ಡೆ ನಂಬಿ ಬದುಕಿದ್ದ ಬಡವರು ಸಾಯತೊಡಗಿದರು. 1847ರಲ್ಲಿ ಕ್ಲೋನಿಸ್‌ಗೆ ಬಂದ ಪಾದ್ರಿಯ ಹೆಂಡತಿ ಕ್ಯಾಸಂಡ್ರಾ ಹ್ಯಾಂಡ್, ಕಿಲ್ಡೇರ್‌ನಿಂದ ಟೀಚರನ್ನು ಕರೆಸಿ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ವೆನಿಸ್‌ನ ಸೂಜಿ ಲೇಸ್ ಮಾಡಲು ತಿಂಗಳುಗಟ್ಟಲೆ ಬೇಕು. ಅದೇ ಥರ ಕಾಣುವುದನ್ನು ಕ್ರೋಶಾದಲ್ಲಿ ಬೇಗ ಮಾಡಬಹುದು. ಒಂದು ಕಡ್ಡಿ, ಒಂದು ಉಂಡೆ ನೂಲು ಸಾಕು. ವೆನಿಸ್‌ನ ಹೂಗಳ ಜೊತೆ ಊರಿನ ಬೇಲಿಯ ಕಾಡುಗುಲಾಬಿ, ಮೂರೆಲೆಯ ಶ್ಯಾಮ್‌ರಾಕ್, ಬ್ಲ್ಯಾಕ್‌ಬೆರಿ ಎಲೆ ಸೇರಿಕೊಂಡವು. ಮಾಲು ಪ್ಯಾರಿಸ್, ನ್ಯೂಯಾರ್ಕ್‌ವರೆಗೆ ಹೋಯಿತು. ಹೆಣೆದವರ ಕುತ್ತಿಗೆಗೆ ಬಂದದ್ದು ಅಪರೂಪ.

ಇನ್ನು ಅಜ್ಜಿಯ ಆ ಅಜ್ಜಿಯನ್ನು ಹುಡುಕಬೇಕಿತ್ತು. ಐರ್ಲೆಂಡಿನ 1901 ಮತ್ತು 1911ರ ಜನಗಣತಿಯ ಫಾರಂಗಳನ್ನು ನ್ಯಾಷನಲ್ ಆರ್ಕೈವ್ಸ್ ಆನ್‌ಲೈನ್‌ನಲ್ಲಿ ಬಿಟ್ಟಿದೆ. ಮನೆಮನೆಯ ಫಾರಂ, ಅವರವರ ಕೈಬರಹದಲ್ಲೇ. ದುಡ್ಡಿಲ್ಲ. ಒಂದು ವಾರ ನಾನು ಮಾಡಿದ ತಪ್ಪು ಅಂದರೆ ಅಡ್ಡಹೆಸರಿನಿಂದ ಹುಡುಕಿದ್ದು. ಒಂದು ಕಡೆ ಹೆಸರಿನ ಮುಂದೆ 'ಮ್ಯಾಕ್' ಇರುತ್ತದೆ, ಇನ್ನೊಂದು ಕಡೆ ಮಾಯ. ಸ್ಪೆಲ್ಲಿಂಗ್ ಬರೆದವರ ಇಷ್ಟ. ಆಮೇಲೆ ಟೌನ್‌ಲ್ಯಾಂಡ್ ಹಿಡಿದು ಹುಡುಕಿದೆ. ಟೌನ್‌ಲ್ಯಾಂಡ್ ಅಂದರೆ ನಮ್ಮ ಮಜರೆ ಹಳ್ಳಿಯ ಥರ, ಕೆಲವೇ ಮನೆಗಳ ಜಾಗ. ಇಡೀ ಐರ್ಲೆಂಡ್ ದ್ವೀಪದಲ್ಲಿ 60,000ಕ್ಕಿಂತ ಜಾಸ್ತಿ ಇವೆ. ಅಜ್ಜಿಗೆ ತಮ್ಮ ಅಜ್ಜಿಯ ತವರಿನ ಟೌನ್‌ಲ್ಯಾಂಡ್ ಹೆಸರು ಬಾಯಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ಮನೆ ಸಿಕ್ಕಿತು. ಅದು ಇದ್ದದ್ದು ಕ್ಲೋನಿಸ್ ಪಕ್ಕದಲ್ಲೇ.

1901ರ ಫಾರಂನಲ್ಲಿ ಅವಳು 14 ವರ್ಷದ ಹುಡುಗಿ. ಕಸುಬಿನ ಕಾಲಂನಲ್ಲಿ 'ಕ್ರೋಶಾ ವರ್ಕರ್'. ಅಕ್ಕನೂ ಅದೇ, ತಾಯಿಯೂ ಅದೇ. ಪಕ್ಕದ ಮನೆಯ ಫಾರಂ ತೆಗೆದೆ, ಅಲ್ಲೂ ಇಬ್ಬರು. ತಾಯಿಯ ಹೆಸರಿನ ಮುಂದೆ 'ಓದಲು ಬಾರದು' ಅಂತಿದೆ. ಹೆಬ್ಬೆಟ್ಟಿನ ಹೆಂಗಸು, ಆದರೆ ಹೊಲಿಗೆ ಎಣಿಸುವುದರಲ್ಲಿ ತಪ್ಪಿರಲಿಕ್ಕಿಲ್ಲ.

1911ಕ್ಕೆ ಬಂದರೆ ಆ ತಾಯಿಗೆ ಹತ್ತು ವರ್ಷದಲ್ಲಿ ಹದಿನೆಂಟು ವರ್ಷ ವಯಸ್ಸಾಗಿದೆ! 53 ಇದ್ದವರು 71. ನಾನು ಬೇರೆ ಹೆಂಗಸು ಅಂದುಕೊಂಡೆ. ಅಲ್ಲ. 1909ರಿಂದ 70 ದಾಟಿದವರಿಗೆ ಪಿಂಚಣಿ ಶುರುವಾಗಿತ್ತು. ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಅದಕ್ಕೆ ಮೊದಲು ಹುಟ್ಟಿದವರ ಬಳಿ ಆ ಸರ್ಟಿಫಿಕೇಟ್ ಇಲ್ಲ. ದೇಶದ ತುಂಬಾ ಮುದುಕರು ದಿಢೀರನೆ ಮುದುಕರಾದರು. ಅಜ್ಜಿಗೆ ಇದನ್ನು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅದೇ ವರ್ಷದ ಇನ್ನೊಂದು ಫಾರಂ ತೋರಿಸುವ ಮೊದಲು ಸ್ವಲ್ಪ ಹಿಂದೆಮುಂದೆ ನೋಡಿದೆ. ಮದುವೆಯಾದ ಹೆಂಗಸರಿಗೆ ಆ ಸಲ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದಿವೆ ಅಂತ ಕೇಳಿದ್ದರು. ಕ್ರೋಶಾ ಹುಡುಗಿಗೆ ಈಗ 24. ಹುಟ್ಟಿದ್ದು 3, ಉಳಿದದ್ದು 2. ಹೋದ ಮಗುವಿನ ಮಾತು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಅಜ್ಜಿ ಆ ಅಂಕಿಯನ್ನು ನೋಡಿ, ಎದ್ದು ಹೋಗಿ ಕೆಟಲ್ ಇಟ್ಟರು. ನಾನೂ ಸುಮ್ನೆ ಕೂತೆ.

ಸ್ಕೂಲ್ಸ್ ಕಲೆಕ್ಷನ್ ಅಂತ ಇನ್ನೊಂದು ಖಜಾನೆ ಇದೆ. 1937ರಿಂದ 1939ರವರೆಗೆ ಸುಮಾರು 50,000 ಶಾಲಾಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದ ಕಥೆಗಳು, ಆನ್‌ಲೈನ್‌ನಲ್ಲೇ ಓದಬಹುದು. ನಮ್ಮ ಸುತ್ತಿನ ಊರುಗಳದ್ದು ಓದಿದೆ. ಅಗಸೆ ಬೆಳೆದು, ಕಟ್ಟು ಕಟ್ಟಿ ಹೊಂಡದಲ್ಲಿ ಕೊಳೆಹಾಕಿ, ನಾರು ತೆಗೆದು ಲಿನನ್ ಮಾಡುವ ಮಾತು. ಹೊಂಡದ ನಾತ ಊರೆಲ್ಲ ಹರಡುತ್ತಿತ್ತಂತೆ. ನಾವು ಅಗಸಿ ಚಟ್ನಿ ತಿಂದು ಬೆಳೆದವರು. ಅದೇ ಗಿಡದ ಕಾಂಡದಲ್ಲಿ ಬಟ್ಟೆ ಇದೆ ಅಂತ ಇಲ್ಲಿಗೆ ಬರುವ ತನಕ ನನಗೆ ಗೊತ್ತಿರಲಿಲ್ಲ.

ಕಥೆ ಯಾಕೆ ಕ್ಯಾರಿಕ್‌ಮ್ಯಾಕ್ರಾಸ್ ಕಡೆ ವಾಲಿತು? 2011ರಲ್ಲಿ ಕೇಟ್ ಮಿಡಲ್ಟನ್ ಮದುವೆಯ ಗೌನಿಗೆ ಆ ಕಲೆ ಬಳಸಿದರು, ಹೆಸರು ಎಲ್ಲರ ಬಾಯಲ್ಲಿ ಬಂತು. ಮನೆಯ ಲೇಸ್ ಕೂಡ ಹೆಸರಿದ್ದ ಕಡೆ ಹೋಯಿತು ಅಂತ ನನ್ನ ಲೆಕ್ಕ. ಐರ್ಲೆಂಡಿನ ಆರನ್ ದ್ವೀಪಗಳ ಸ್ವೆಟರ್‌ಗಳದ್ದೂ ಇದೇ ಪಾಡು. ಒಂದೊಂದು ಮನೆತನಕ್ಕೆ ಒಂದೊಂದು ಹೆಣಿಗೆ, ಮುಳುಗಿದವನ ಗುರುತು ಅದರಿಂದಲೇ ಸಿಗುತ್ತಿತ್ತು ಅಂತ ಮಾರುವವರು ಹೇಳುತ್ತಾರೆ. 1904ರಲ್ಲಿ ಮೊದಲು ಆಡಿದ ಐರಿಷ್ ನಾಟಕಕಾರ ಜೆ. ಎಂ. ಸಿಂಗ್‌ನ ನಾಟಕವೊಂದರಲ್ಲಿ ಹೆಣದ ಗುರುತು ಹಿಡಿಯುವುದು ಕಾಲುಚೀಲದ ಹೊಲಿಗೆಯಿಂದ. ಕಾಲುಚೀಲ ಸ್ವೆಟರ್ ಆಯಿತು, ನಾಟಕ ಚರಿತ್ರೆ ಆಯಿತು.

ಕೊನೆಗೆ ಕಾಲರನ್ನು ಆಸಿಡ್ ಇಲ್ಲದ ಟಿಶ್ಯೂ ಕಾಗದದಲ್ಲಿ ಸುತ್ತೋಣ ಅಂತ ಡಬ್ಬಿ ಪೂರ್ತಿ ಖಾಲಿ ಮಾಡಿದೆವು. ಪಿನ್ ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರೂ ಬೇಡ. ಕಲೆ ಕಂಡಿತು ಅಂತ ಬ್ಲೀಚ್ ಅಂತೂ ಬೇಡವೇ ಬೇಡ. ಡಬ್ಬಿಯ ತಳದಲ್ಲಿ ಒಂದು ಬೆಂಕಿಪೊಟ್ಟಣ ಸಿಕ್ಕಿತು. ಅದರಲ್ಲಿ ಒಂಬತ್ತು ಬ್ಲ್ಯಾಕ್‌ಬೆರಿ ಎಲೆ, ಕ್ರೋಶಾದ್ದು. ಒಂದೇ ಅಳತೆ, ಒಂದೇ ಕೈ. ಕ್ಲೋನಿಸ್‌ನಲ್ಲಿ ಕೆಲಸ ಹಂಚಿಕೊಳ್ಳುತ್ತಿದ್ದರು. ಒಬ್ಬಳು ಗುಲಾಬಿ, ಒಬ್ಬಳು ಎಲೆ, ಜೋಡಿಸುವವಳು ಬೇರೆ. ನಾವು ಇಬ್ಬರೂ ಕಾಲರ್ ಮೇಲೆ ಬಗ್ಗಿದೆವು. ಗುಲಾಬಿ ಇತ್ತು, ಶ್ಯಾಮ್‌ರಾಕ್ ಇತ್ತು. ಆ ಎಲೆ ಒಂದೂ ಇರಲಿಲ್ಲ.

"ಹಾಗಾದರೆ ಕಾಲರ್ ಅವಳದ್ದಲ್ಲ" ಎಂದರು ಅಜ್ಜಿ. ಮುಖ ಸಣ್ಣದಾಯಿತು. ಮುಂದಿನ ವಾರ ಹೋದಾಗ ಒಂಬತ್ತು ಎಲೆ ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಕಾಲರ್ ವಾಪಸ್ ಡಬ್ಬಿಯಲ್ಲಿತ್ತು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅಜ್ಜಿಯ ಕಸೂತಿ ಸೀರೆಯನ್ನೂ ಹೀಗೇ ಜೋಪಾನ ಮಾಡು, ಅವಳ ಕೈಕೆಲಸ ಅದು ಎಂದೆ.

"ಯಾರ ಕೈಕೆಲಸ?" ಅಂದಳು ಅವ್ವ. "ಧಾರವಾಡದಾಗ ಒಬ್ಬಾಕಿಗೆ ರೊಕ್ಕಾ ಕೊಟ್ಟು ಹಾಕಿಸಿದ್ದದು. ನಿಮ್ಮಜ್ಜಿಗೆ ಗುಂಡಿ ಹಚ್ಚಾಕೂ ಬರ್ತಿದ್ದಿಲ್ಲ."