ಹಸಿರು ಸೊನ್ನೆ: ಪಣಜಿಯಲ್ಲಿ ರೂಲೆಟ್ ಆಡಿದ ನನ್ನ ಅನುಭವ

ನಮ್ಮ ರಾಜ್ಯದಲ್ಲಿ ಕ್ಯಾಸಿನೊ ಇಲ್ಲ. ಧಾರವಾಡದ ಕಡೆಯವರಿಗೆ ರೂಲೆಟ್, ಅಂದರೆ ತಿರುಗುವ ಚಕ್ರದಲ್ಲಿ ಗುಂಡು ಯಾವ ಅಂಕಿಗೆ ಬೀಳುತ್ತದೆಂದು ಪಣ ಕಟ್ಟುವ ಆಟ, ಆಡಬೇಕೆನಿಸಿದರೆ ಜೋಯಿಡಾ ತಾಲ್ಲೂಕಿನ ರಾಮನಗರ ದಾಟಿ, ಅನಮೋಡ ಘಾಟ್ ಇಳಿದು ಪಣಜಿಗೇ ಹೋಗಬೇಕು. ಅಲ್ಲಿ ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗುಗಳು ನಿಂತಿರುತ್ತವೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಅಲ್ಲಿ ಮಾಂಡೋವಿ. 21 ವರ್ಷ ತುಂಬಿದವರಿಗಷ್ಟೇ ಪ್ರವೇಶ, ಗುರುತಿನ ಚೀಟಿ ಬೇಕೇ ಬೇಕು. ದಡದಿಂದ ಸಣ್ಣ ಬೋಟಿನಲ್ಲಿ ಹಡಗಿಗೆ ಕರೆದೊಯ್ಯುತ್ತಾರೆ.

ಮೊದಲ ಸಲ ಕಾಕಾ ಜೊತೆಗಿದ್ದರು. ನಾನು 5,000 ರೂಪಾಯಿಯನ್ನು ಆಟ ನಡೆಸುವ ಡೀಲರ್ ಕೈಗೆ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ಹಣವನ್ನು ಮೇಜಿನ ಮೇಲೆ ಇಡಬೇಕು. ಅವರು ಎಣಿಸಿ ಒಂದೇ ಬಣ್ಣದ 50 ಚಿಪ್ಸ್ (ಹಣದ ಬದಲು ಇಡುವ ಬಿಲ್ಲೆಗಳು) ನನ್ನ ಕಡೆ ಸರಿಸಿದರು. ರೂಲೆಟ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಣ್ಣ. ಒಂದೇ ಅಂಕಿಯ ಮೇಲೆ ನಾಲ್ಕು ಜನ ಇಟ್ಟರೂ ಯಾರದು ಯಾವುದೆಂದು ತಿಳಿಯಲಿ ಅಂತ.

ಚಕ್ರದಲ್ಲಿ 37 ಮನೆ: 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಅಂಕಿಗಳು ಚಿಪ್ಸ್ ಇಡುವ ಮೇಜಿನ ಬಟ್ಟೆಯ ಮೇಲಿದ್ದಂತೆ ಸಾಲಾಗಿ ಇರುವುದಿಲ್ಲ. ಸೊನ್ನೆಯ ಒಂದು ಮಗ್ಗುಲಿಗೆ 32, ಇನ್ನೊಂದಕ್ಕೆ 26. ಬಿಳಿ ಗುಂಡು ಅಂಚಿನಲ್ಲಿ ಸುತ್ತುವಾಗ ಸರ್ರೆಂದು ಒಂದೇ ಸದ್ದು. ವೇಗ ಇಳಿಯುತ್ತಿದ್ದಂತೆ ಡೀಲರ್ ಮೇಜಿನ ಮೇಲೆ ಕೈಯಾಡಿಸಿ ‘ನೋ ಮೋರ್ ಬೆಟ್ಸ್’ ಅನ್ನುತ್ತಾರೆ. ಆಮೇಲೆ ಗುಂಡು ಟಕ್ ಟಕ್ ಎಂದು ಪುಟಿದು ಒಂದು ಮನೆಗೆ ಬೀಳುತ್ತದೆ. ಗೆದ್ದ ಅಂಕಿಯ ಮೇಲೆ ಬೊಂಬೆಯಂಥ ಒಂದು ಗುರುತು ಇಡುತ್ತಾರೆ. ನಾನು ಆಗಲೇ ಚಿಪ್ಸ್ ಇಡಲು ಕೈ ಚಾಚಿದ್ದೆ. ‘ತಮ್ಮಾ, ಆ ಗೊಂಬಿ ಎತ್ತೂತನಕ ಕೈ ಹಚ್ಚಬ್ಯಾಡ’ ಅಂದರು ಕಾಕಾ.

ಒಂದೇ ಅಂಕಿಗೆ ಇಟ್ಟು ಬಂದರೆ 35 ಪಟ್ಟು, ಎರಡು ಅಂಕಿಯ ನಡುವಿನ ಗೆರೆಗೆ 17, ನಾಲ್ಕು ಅಂಕಿ ಕೂಡುವ ಮೂಲೆಗೆ 8, ಹನ್ನೆರಡರ ಗುಂಪಿಗೆ 2, ಕೆಂಪು-ಕಪ್ಪು ಅಥವಾ ಸರಿ-ಬೆಸಕ್ಕೆ ಇಟ್ಟಷ್ಟೇ. ಎಲ್ಲ 37 ಮನೆಗೂ ಒಂದೊಂದು ಚಿಪ್ ಇಟ್ಟರೆ ಕೈಗೆ ಬರುವುದು ಗೆಲುವಿನ 35, ಗೆದ್ದ ಅಂಕಿಯ ಮೇಲಿಟ್ಟ 1, ಒಟ್ಟು 36. ಆ ಒಂದು ಚಿಪ್ಪೇ ಕ್ಯಾಸಿನೊದ ಪಾಲು, ನೂರಕ್ಕೆ 2.70. ಎರಡು ಸೊನ್ನೆ ಇರುವ ಅಮೆರಿಕನ್ ಚಕ್ರದಲ್ಲಿ ಅದು 5.26. ಕೂರುವ ಮೊದಲು ಚಕ್ರವನ್ನೊಮ್ಮೆ ಬಗ್ಗಿ ನೋಡಿ. ಎರಡು ಸೊನ್ನೆ ಕಂಡರೆ ಆ ಟೇಬಲ್ ಬೇಡ.

ಅಂದು ನಾನು ಸೋತಾಗಲೆಲ್ಲ ದುಪ್ಪಟ್ಟು ಮಾಡುವ ದಾರಿ ಹಿಡಿದೆ. ಒಮ್ಮೆ ಗೆದ್ದರೆ ಹೋದದ್ದೆಲ್ಲ ವಾಪಸ್ ಬರುತ್ತದೆಂಬ ನಂಬಿಕೆ. ಒಂದಷ್ಟು ಹೊತ್ತು ನಡೆಯಿತು ಕೂಡ. ಆಮೇಲೆ ಕೆಂಪಿಗೆ 100 ಇಟ್ಟೆ, 26 ಬಂತು, ಕಪ್ಪು. 200ಕ್ಕೆ 15. 400ಕ್ಕೆ 8. 800ಕ್ಕೆ ಸೊನ್ನೆ. 1,600ಕ್ಕೆ 33. ಐದೇ ಸುತ್ತಿಗೆ 3,100 ಹೋಯಿತು, ಆರನೆಯದಕ್ಕೆ ಬೇಕಾದ 3,200 ನನ್ನ ಹತ್ತಿರ ಇರಲಿಲ್ಲ. ಇದ್ದರೂ ಪ್ರತಿ ಟೇಬಲ್‌ಗೂ ಗರಿಷ್ಠ ಮಿತಿ ಇರುತ್ತದೆ, ದುಪ್ಪಟ್ಟು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಐದು ಸಲ ಸತತ ಸೋಲುವುದು ಅಪರೂಪವೇನಲ್ಲ, ಸುಮಾರು 28ರಲ್ಲಿ ಒಂದು ಸಲ ಆಗುವಂಥದ್ದು. 1913ರ ಆಗಸ್ಟ್ 18ರಂದು ಯುರೋಪಿನ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಕಪ್ಪು ಸತತ 26 ಸಲ ಬಂತು. ‘ಇನ್ನು ಕೆಂಪು ಬರಲೇಬೇಕು’ ಎಂದು ಸುರಿದವರೆಲ್ಲ ಸೋತರು. ಹಿಂದಿನ ಸುತ್ತಿನಲ್ಲಿ ಏನು ಬಿತ್ತೆಂಬುದು ಗುಂಡಿಗೆ ನೆನಪಿರುವುದಿಲ್ಲ. ಪಕ್ಕದ ಬೋರ್ಡಿನಲ್ಲಿ ಹಳೆಯ ಅಂಕಿಗಳು ಮಿನುಗುತ್ತಿದ್ದವು, ನಾನು ಅವನ್ನೇ ನಂಬಿ ಕೂತಿದ್ದೆ.

ಎರಡನೆಯ ಸಲ ಹೋದಾಗ ಬೆಟ್ ಏರಿಸಲಿಲ್ಲ. ಪ್ರತಿ ಸುತ್ತಿಗೆ ಎರಡೇ ಚಿಪ್: ಒಂದು ಕೆಂಪಿಗೆ, ಇನ್ನೊಂದು 17, 18, 20, 21 ಕೂಡುವ ಮೂಲೆಗೆ. ಎಟಿಎಂ ಕಾರ್ಡನ್ನು ಕೋಣೆಯಲ್ಲೇ ಬಿಟ್ಟು ಹೋಗಿದ್ದೆ. ಎರಡೂವರೆ ಗಂಟೆಯಲ್ಲಿ 70 ಸುತ್ತು ಆಡಿದೆ, ಒಟ್ಟು 14,000 ರೂಪಾಯಿಯಷ್ಟು ಚಿಪ್ಸ್ ಮೇಜಿನ ಮೇಲೆ ತಿರುಗಿತು. ಲೆಕ್ಕದ ಪ್ರಕಾರ ಸರಾಸರಿ 380 ಹೋಗಬೇಕಿತ್ತು, ನನಗೆ ಹೋದದ್ದು 800. ಆ ಸಂಜೆಗೆ ಅಷ್ಟು ಕೊಡಲು ನಾನು ಮೊದಲೇ ತಯಾರಾಗಿದ್ದೆ. ಗೆಲುವಿನ ಆಸೆಯಿಂದ ಅಲ್ಲದೆ, ಸಿನಿಮಾಕ್ಕೆ ಟಿಕೆಟ್ ತೆಗೆದಂತೆ ಕೂತಾಗ ಮಾತ್ರ ಆ ಆಟ ನನಗೆ ಖುಷಿ ಕೊಟ್ಟಿತು.

ಏಳುವಾಗ ಬಣ್ಣದ ಚಿಪ್ಸ್ ಜೇಬಿಗೆ ಹಾಕಿಕೊಳ್ಳಬೇಡಿ, ಬೇರೆ ಟೇಬಲ್‌ನಲ್ಲಿ ಅವಕ್ಕೆ ಬೆಲೆಯಿಲ್ಲ. ಡೀಲರ್ ಮುಂದೆ ಸರಿಸಿದರೆ ಬೆಲೆ ಬರೆದ ಮಾಮೂಲಿ ಚಿಪ್ಸ್ ಕೊಡುತ್ತಾರೆ, ಅವನ್ನು ಕೌಂಟರ್‌ನಲ್ಲಿ ಹಣ ಮಾಡಿಸಿಕೊಳ್ಳಬೇಕು. ನಾನು 4,200 ತೆಗೆದುಕೊಂಡು, ಊಟ ಮಾಡಿ, ಹನ್ನೊಂದರ ಬೋಟಿಗೆ ದಡಕ್ಕೆ ಬಂದೆ.