ಹಳೇ ಬೇಸ್ ಗಿಟಾರಿನ ನೆಕ್: ಮೊದಲು ಕ್ಯಾಲಿಪರ್, ಆಮೇಲೆ ಸ್ಯಾಂಡ್‌ಪೇಪರ್

"ನೆಕ್ ದಪ್ಪ ಇದೆ, ಸ್ವಲ್ಪ ಉಜ್ಜಿ ಕೊಡಿ" ಎಂದು ನನ್ನ ಬಳಿ ಬರುವ ಹಳೇ ಬೇಸ್‌ಗಳಲ್ಲಿ ಹೆಚ್ಚಿನವಕ್ಕೆ ನೆಕ್‌ನಿಂದ (ಕೈಯಲ್ಲಿ ಹಿಡಿದು ತಂತಿ ಒತ್ತುವ ಉದ್ದನೆಯ ಭಾಗ) ಮರ ತೆಗೆಯುವ ಅಗತ್ಯ ಇರುವುದಿಲ್ಲ. ಕೈಗೆ ದಪ್ಪ ಅನ್ನಿಸಲು ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಅಗಲ ಕಾರಣವಿರಬಹುದು, ಬೆನ್ನಿನ (ನೆಕ್‌ನ ಹಿಂಬದಿ) ಎತ್ತರ ಇರಬಹುದು. ಬಹಳ ಸಲ ಕಾರಣ ಹೆಗಲು, ಅಂದರೆ ಫಿಂಗರ್‌ಬೋರ್ಡಿನ (ಬೆರಳು ಒತ್ತುವ ಮುಂಬದಿಯ ಪಟ್ಟಿ) ಅಂಚಿನಿಂದ ಬೆನ್ನಿಗೆ ಇಳಿಯುವ ತಿರುವು. ಅಂಟಂಟಾದ ಫಿನಿಶ್ ಮೇಲೆ ಹೆಬ್ಬೆರಳು ಜಾರದಿದ್ದರೂ ಜನ ಅದನ್ನು ದಪ್ಪ ಅಂತಲೇ ಹೇಳುತ್ತಾರೆ.

ಫೆಂಡರ್ ಬೇಸ್‌ಗಳನ್ನೇ ತೆಗೆದುಕೊಳ್ಳಿ. 1951ರಲ್ಲಿ ಬಂದ ಪ್ರಿಸಿಷನ್ ಬೇಸ್‌ನ ನಟ್ ಸುಮಾರು 44.5 ಮಿ.ಮೀ., 1960ರ ಜಾಝ್ ಬೇಸ್‌ದು 38 ಮಿ.ಮೀ. 1960ರ ದಶಕದ ನೆಕ್‌ಗಳ ಬುಡದಲ್ಲಿ (ಬಾಡಿಗೆ ಸೇರುವ ತುದಿ) "7 ಮಾರ್ 64 ಎ" ಎಂಬಂಥ ಮೊಹರು ಸಿಗುತ್ತದೆ. ಮೊದಲ 7ನ್ನು ತಾರೀಕು ಎಂದು ಓದುವವರೇ ಜಾಸ್ತಿ. ಅದು ಮಾಡೆಲ್ ಸಂಖ್ಯೆ, 7 ಅಂದರೆ ಜಾಝ್ ಬೇಸ್. ಕೊನೆಯ ಅಕ್ಷರ ನಟ್‌ನ ಅಗಲ: ಎ 38, ಬಿ 41.3, ಸಿ 44.5 ಮಿ.ಮೀ. ದಪ್ಪದ ಬಗ್ಗೆ ಆ ಅಕ್ಷರ ಏನೂ ಹೇಳುವುದಿಲ್ಲ. ಬೆನ್ನನ್ನು ಕೈಯಲ್ಲೇ ಸ್ಯಾಂಡಿಂಗ್ ಮಷೀನಿಗೆ ಹಿಡಿದು ರೂಪಿಸುತ್ತಿದ್ದರಿಂದ ಒಂದೇ ತಿಂಗಳ ಎರಡು ನೆಕ್‌ಗಳೂ ಹೊಂದುವುದಿಲ್ಲ. ಹಾಗಾಗಿ "64ರ ಶೇಪ್ ಮಾಡಿಕೊಡಿ" ಅಂದರೆ ನನಗೆ ಅರ್ಥವಾಗುವುದಿಲ್ಲ, ಮಿ.ಮೀ. ಹೇಳಿ ಅನ್ನುತ್ತೇನೆ.

ಅಳೆಯುವ ಮೊದಲು ನೆಕ್‌ನ ಬಾಗು ನೋಡಬೇಕು. ಶ್ರುತಿ ಮಾಡಿ, 1ನೇ ಫ್ರೆಟ್‌ಗೆ (ಫಿಂಗರ್‌ಬೋರ್ಡ್ ಮೇಲಿನ ಅಡ್ಡ ಲೋಹದ ಪಟ್ಟಿ) ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಕಡೆ ತಂತಿ ಒತ್ತಿ, 7 ಅಥವಾ 8ನೇ ಫ್ರೆಟ್ ಮೇಲೆ ತಂತಿಯಡಿಯ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ. 0.3ರಿಂದ 0.4 ಮಿ.ಮೀ. ಇದ್ದರೆ ಸಾಕು. 0.8 ಇದ್ದರೆ ನಡುವೆ ತಂತಿ ಎತ್ತರವಾಗಿ ಕೈ ಬಿಗಿಹಿಡಿದು ಒತ್ತಬೇಕಾಗುತ್ತದೆ, ತೆಳ್ಳಗಿನ ನೆಕ್ ಕೂಡ ದಪ್ಪ ಅನ್ನಿಸುತ್ತದೆ. ಇಲ್ಲಿ ಬೇಕಾದದ್ದು ಟ್ರಸ್ ರಾಡ್ (ಬಾಗು ಸರಿಮಾಡಲು ನೆಕ್‌ನೊಳಗೆ ಇರುವ ಲೋಹದ ಸರಳು) ತಿರುಗಿಸುವುದು, ಅಷ್ಟೇ.

ದಪ್ಪ ಅಳೆಯಲು ಕ್ಯಾಲಿಪರ್‌ನ ದವಡೆ ಫ್ರೆಟ್ ಮೇಲೆ ಕೂರಬಾರದು. ಎರಡು ಫ್ರೆಟ್‌ಗಳ ನಡುವೆ ಮರದ ಮೇಲೆ ಕೂರಬೇಕು. ಇಲ್ಲದಿದ್ದರೆ ಸುಮಾರು 1 ಮಿ.ಮೀ. ಸುಳ್ಳು ಲೆಕ್ಕ ಬರುತ್ತದೆ. 1, 5, 9, 12ನೇ ಫ್ರೆಟ್‌ಗಳ ಹತ್ತಿರ ಅಳೆದು ಬರೆದಿಟ್ಟುಕೊಳ್ಳುತ್ತೇನೆ. ಹೆಗಲಿಗೆ ಪ್ರೊಫೈಲ್ ಗೇಜ್ (ಒತ್ತಿದ ಆಕಾರ ಹಿಡಿದಿಡುವ ಕಡ್ಡಿಗಳ ಸಾಲು) ಒತ್ತಿ, ಆ ಗೆರೆಯನ್ನು ರಟ್ಟಿನ ಮೇಲೆ ಎಳೆದು ಕತ್ತರಿಸುತ್ತೇನೆ. ಒತ್ತುವ ಮುಂಚೆ ನೆಕ್ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚದಿದ್ದರೆ ಗೇಜಿನ ಕಡ್ಡಿಗಳು ಹಳೇ ಲ್ಯಾಕರ್ ಮೇಲೆ ಸಾಲು ಚುಕ್ಕೆ ಮೂಡಿಸುತ್ತವೆ.

ಇನ್ನು ಫಿನಿಶ್, ಅಂದರೆ ಮರದ ಮೇಲಿನ ಲೇಪ. ಸುಮಾರು 1968ರವರೆಗೆ ಫೆಂಡರ್ ನೆಕ್‌ಗಳಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಆಮೇಲೆ ದಪ್ಪ ಪಾಲಿಯೆಸ್ಟರ್. ಗುರುತಿಸಲು ಹೆಡ್‌ಸ್ಟಾಕಿನ (ನೆಕ್‌ನ ತುದಿಯ ತಲೆಭಾಗ) ಹಿಂಭಾಗದ ಒಂದು ಟ್ಯೂನರ್ (ಶ್ರುತಿ ಮಾಡುವ ಕೀಲಿ) ಬಿಚ್ಚಿ, ಅದರ ತಗಡಿನಡಿ ಮುಚ್ಚಿಹೋಗುವ ಜಾಗಕ್ಕೆ ಹತ್ತಿಕಡ್ಡಿಯಲ್ಲಿ ಒಂದೇ ಒಂದು ತೊಟ್ಟು ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಮುಟ್ಟಿಸುತ್ತೇನೆ. ಕೆಲವೇ ಸೆಕೆಂಡಿನಲ್ಲಿ ಮೆತ್ತಗಾಗಿ ಹತ್ತಿಯ ಎಳೆ ಅಂಟಿಕೊಂಡರೆ ನೈಟ್ರೋ. ಏನೂ ಆಗದಿದ್ದರೆ ಪಾಲಿಯೆಸ್ಟರ್. ಹೆಡ್‌ಸ್ಟಾಕ್ ಮುಂಭಾಗದಲ್ಲಿ ಮಾತ್ರ ಈ ಪರೀಕ್ಷೆ ಬೇಡ: ಬೆನ್ನಿಗೆ ಪಾಲಿಯೆಸ್ಟರ್ ಬಳಿದ ವರ್ಷಗಳಲ್ಲೂ ಲೋಗೋ ಇರುವ ಮುಖಕ್ಕೆ ಲ್ಯಾಕರ್ರೇ ಇರುತ್ತಿತ್ತು. ಫಲಿತಾಂಶವೂ ತಪ್ಪು, ಲೋಗೋವೂ ಹೋಗುತ್ತದೆ.

ನೈಟ್ರೋ ನೆಕ್ ಅಂಟಂಟಾಗಿದ್ದರೆ ಅದರ ಮೇಲೆ ಸ್ಯಾಂಡ್‌ಪೇಪರ್ ಆಡಿಸುವುದು ನನ್ನ ಮಟ್ಟಿಗೆ ಅಪರಾಧ. ಅಂಟಿಗೆ ಕಾರಣ ಬೆವರು, ಎಣ್ಣೆ, ಇಲ್ಲವೇ ಸ್ಟ್ಯಾಂಡಿನ ರಬ್ಬರ್ ಅಥವಾ ವಿನೈಲ್. ಬಟ್ಟೆಗೆ ಲೈಟರ್ ಫ್ಲೂಯಿಡ್ ಹಾಕಿ ಒರೆಸಿ. ಬಟ್ಟೆಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಾ ಇರಿ. ಅದರ ಮೇಲೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿದ ನೀರಿನಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒಂದು ಸಲ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ. ಸ್ಪಿರಿಟ್, ಅಸಿಟೋನ್ ಹತ್ತಿರ ತರಬೇಡಿ. ರಬ್ಬರ್ ತಾಗಿ ಲ್ಯಾಕರ್ರೇ ಕರಗಿದ್ದರೆ ಆ ಗುರುತು ಒರೆಸಿದರೆ ಹೋಗುವುದಿಲ್ಲ.

1970ರ ದಶಕದ ಪಾಲಿಯೆಸ್ಟರ್ ಬೆನ್ನಿಗೆ ಬೇರೆ ಮದ್ದು. ಹೊಳಪು ಮಂಕು ಮಾಡಿದರೆ ಸಾಕು. ತಂತಿ ತೆಗೆದು, ಫಿಂಗರ್‌ಬೋರ್ಡಿನ ಅಂಚಿಗೆ, ಹೆಡ್‌ಸ್ಟಾಕ್ ತಿರುವಿಗೆ ಟೇಪ್ ಹಾಕಿ. ಬೂದು ಬಣ್ಣದ ಸ್ಕಾಚ್‌ಬ್ರೈಟ್ ಹಿಡಿದು ಉದ್ದಕ್ಕೆ ಮಾತ್ರ, ಒಂದೇ ಎಳೆತದಲ್ಲಿ ನಟ್‌ನಿಂದ ಬುಡದವರೆಗೆ ಎಳೆಯಿರಿ. ಅಡುಗೆಮನೆಯ ಹಸಿರು ಸ್ಕಾಚ್‌ಬ್ರೈಟ್ ಆಳವಾಗಿ ಗೀರುತ್ತದೆ. ನಾಲ್ಕು ಸೊನ್ನೆಯ ಸ್ಟೀಲ್ ವೂಲ್ ಇನ್ನೂ ನಯ, ಆದರೆ ಉದುರುವ ಕಬ್ಬಿಣದ ಪುಡಿ ಪಿಕಪ್ಪಿನ ಆಯಸ್ಕಾಂತಕ್ಕೆ ಹೋಗಿ ಕೂರುತ್ತದೆ; ನೆಕ್ ಬಿಚ್ಚದೆ ಬಳಸಬೇಡಿ. ಹೆಬ್ಬೆರಳು ಓಡುವ ಜಾಗ ಕೆಲವು ತಿಂಗಳಲ್ಲಿ ಮತ್ತೆ ಹೊಳೆಯುತ್ತದೆ, ಮತ್ತೆ ಎಳೆದರಾಯಿತು. ಪಾಲಿಯೆಸ್ಟರ್ ಪೂರ್ತಿ ಕಿತ್ತು ಹಾಕುವ ಆಸೆಗೆ ಹೀಟ್ ಗನ್ ಹಿಡಿದರೆ ಬೆನ್ನಿನ ನಡುವೆ ಟ್ರಸ್ ರಾಡಿನ ಸೀಳು ಮುಚ್ಚುವ ವಾಲ್‌ನಟ್ ಮರದ ಪಟ್ಟಿಯ ಅಂಟು ಬಿಡುವ ಅಪಾಯವಿದೆ.

ಇಷ್ಟೆಲ್ಲ ಆದ ಮೇಲೂ ಹೆಗಲು ಚುಚ್ಚಿದರೆ, ಸಂಗ್ರಹ ಬೆಲೆ ಇಲ್ಲದ ನೆಕ್ ಆಗಿದ್ದರೆ ಮಾತ್ರ, ಮರ ತೆಗೆಯುತ್ತೇನೆ. ಬೆನ್ನಿನ ನಡುಗೆರೆ ಮುಟ್ಟುವುದಿಲ್ಲ. ಹಳೇ ಟ್ರಸ್ ರಾಡ್ ಬಾಗಿ ಕೂತಿರುತ್ತದೆ, ನೆಕ್‌ನ ಮಧ್ಯಭಾಗದಲ್ಲಿ ಬೆನ್ನಿಗೆ ಅತಿ ಹತ್ತಿರ. ಅಲ್ಲಿ ಮರ ತೆಳುವಾದರೆ ರಾಡ್ ಬಿಗಿ ಮಾಡಿದಾಗ ಸೀಳುತ್ತದೆ. ನಡುವೆ 15 ಮಿ.ಮೀ. ಪಟ್ಟಿಗೆ ಟೇಪ್ ಹಾಕಿ, ಎರಡೂ ಹೆಗಲಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು, ಸ್ಕ್ರೇಪರ್‌ನಿಂದ ಗೆರೆ ಅಳಿಯುವವರೆಗೆ ಹೆರೆದು, ರಟ್ಟಿನ ಅಚ್ಚು ಇಟ್ಟು ನೋಡುತ್ತೇನೆ. 0.5 ಮಿ.ಮೀ. ಹೋದರೆ ಕೈಗೆ ಬೇರೆಯೇ ನೆಕ್ ಅನ್ನಿಸುತ್ತದೆ. 180, 240, 320 ಗ್ರಿಟ್‌ನ ಸ್ಯಾಂಡ್‌ಪೇಪರ್ ಆದ ಮೇಲೆ ಒದ್ದೆ ಬಟ್ಟೆ ಒರೆಸಿ, ಎದ್ದ ನಾರನ್ನು 320ರಲ್ಲೇ ಮತ್ತೆ ಕೂರಿಸುತ್ತೇನೆ.

ಬರಿ ಮೇಪಲ್ ಬಿಟ್ಟರೆ ಬೆವರು ಕುಡಿದು ಬೂದಾಗುತ್ತದೆ. ಎನ್‌ಸಿ ಲ್ಯಾಕರ್‌ಗೆ ಅಷ್ಟೇ ಪ್ರಮಾಣದ ಥಿನ್ನರ್ ಬೆರೆಸಿ ತೆಳುವಾಗಿ ನಾಲ್ಕೈದು ಸಲ ಸ್ಪ್ರೇ ಮಾಡಿ, ಮಾಸ್ಕ್ ಹಾಕಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ: ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಒಳಸೇರಿ ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ. ಆಗಿಬಿಟ್ಟರೆ ಒಣ ದಿನಕ್ಕೆ ಕಾದು, ರಿಟಾರ್ಡರ್ (ಆರುವುದನ್ನು ನಿಧಾನಿಸುವ ದ್ರವ) ಬೆರೆಸಿದ ಥಿನ್ನರನ್ನು ಮಂಜಿನಷ್ಟು ತೆಳುವಾಗಿ ಹೊಡೆದರೆ ಬಹುತೇಕ ತಿಳಿಯಾಗುತ್ತದೆ. ಗಟ್ಟಿಯಾಗಲು ಮೂರು ನಾಲ್ಕು ವಾರ ಬಿಡಿ; ಮೂಗಿಗೆ ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ.

ನೆಕ್ ಮತ್ತೆ ಕೂರಿಸುವಾಗ ಪ್ರತಿ ಸ್ಕ್ರೂವನ್ನು ಮೊದಲು ಕೈಯಲ್ಲಿ ಹಿಂದಕ್ಕೆ ತಿರುಗಿಸಿ. "ಟಿಕ್" ಎಂದು ಹಳೇ ಪಿರಿಗೆ ಕೂತ ಮೇಲೆ ಮುಂದಕ್ಕೆ ಬಿಗಿ ಮಾಡಿ, ಇಲ್ಲವಾದರೆ ಮೇಪಲ್‌ನಲ್ಲಿ ಹೊಸ ಪಿರಿ ಕೊರೆದು ರಂಧ್ರ ಸಡಿಲವಾಗುತ್ತದೆ. ನಾಲ್ಕು ತಂತಿಯ ಸಾಮಾನ್ಯ ಸೆಟ್ ಸುಮಾರು 80 ಕೆ.ಜಿ. ಎಳೆಯುತ್ತದೆ, ನೆಕ್ ಅದಕ್ಕೆ ಹೊಂದಿಕೊಳ್ಳಲು ಒಂದೆರಡು ದಿನ ಬೇಕು. ಬಾಗಿನ ಅಳತೆಯನ್ನು ಆಮೇಲೆ ಇನ್ನೊಮ್ಮೆ ನೋಡಿ, ಬೇಕಿದ್ದರೆ ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸರಿಮಾಡಿ.