ಸಭೆಗೆ ದೂರು ಬಂದಾಗ ಹಿರಿಯರು ಕೇಳಿಸಿಕೊಳ್ಳಬೇಕಾದ ಬಗೆ

ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಒಬ್ಬರ ಮೇಲೆ ಇನ್ನೊಬ್ಬರು ದೂರು ತಂದರೆ ಮೊದಲ ಪ್ರಶ್ನೆ ಇದು: "ಅವರ ಹತ್ತಿರವೇ ಮಾತಾಡಿದ್ದೀರಾ?" ಬೈಬಲಿನ ಮತ್ತಾಯ 18:15-17ರ ಕ್ರಮವೂ ಅದೇ. ಮೊದಲು ಇಬ್ಬರೇ, ಆಮೇಲೆ ಒಂದಿಬ್ಬರು ಸಾಕ್ಷಿಗಳು, ಕೊನೆಗೆ ಸಭೆ. ಹೊಡೆತ, ಲೈಂಗಿಕ ದೌರ್ಜನ್ಯದ ದೂರಾದರೆ ಮಾತ್ರ ಈ ಪ್ರಶ್ನೆ ಬೇಡವೇ ಬೇಡ. ಮೊದಲು ನೊಂದವರ ಸುರಕ್ಷತೆ ನೋಡಿ, ಪೊಲೀಸರ ಬಳಿ ಹೋಗಲು ಜೊತೆಯಾಗಿ.

ಉಳಿದ ಜಗಳಗಳಲ್ಲಿ ಇಬ್ಬರನ್ನೂ ಬೇರೆಬೇರೆ ಕೂರಿಸಿ, ಸಮನಾಗಿ ಸಮಯ ಕೊಡಿ. ಮಧ್ಯೆ ಬೈಬಲ್ ವಚನ ಹೇಳಬೇಡಿ. "ಪ್ರಾರ್ಥನೆ ಮಾಡೋಣ" ಎಂದು ಮಾತು ಮುಗಿಸುವ ಆತುರವೂ ಬೇಡ (ಹಿರಿಯರಲ್ಲಿ ಹಲವರಿಗೆ ಇದು ಚಟವೇ ಆಗಿದೆ). ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದು, ಊಹಿಸಿದ್ದು, ಮೂರನ್ನೂ ಬೇರೆಬೇರೆ ಬರೆದುಕೊಳ್ಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಿದ್ದಲು ಬಿಡಿ.

ಕೆಲಸ ಕೆಡುವುದು ಹೆಚ್ಚಾಗಿ ಮೊದಲ ಭೇಟಿಯಲ್ಲೇ. ಮುಂಚೆ ಬಂದವರ ವಾದವೇ ನ್ಯಾಯವೆನಿಸುತ್ತದೆ, ಎದುರಿನವರು ಬಂದು ಪ್ರಶ್ನಿಸುವ ತನಕ. ಜ್ಞಾನೋಕ್ತಿ 18:17 ಹೇಳುವುದೂ ಇದನ್ನೇ. ಯೆಹೋಶುವ 22ರಲ್ಲಿ ಯೊರ್ದನ್ ಹೊಳೆಯ ಬಳಿ, ಆಚೆ ದಡದ ತಮ್ಮದೇ ಕುಲಗಳವರು ಬೇರೆ ಯಜ್ಞವೇದಿ ಕಟ್ಟಿದ್ದಾರೆ ಎಂಬ ಸುದ್ದಿಗೇ ಉಳಿದ ಇಸ್ರಾಯೇಲ್ಯರು ಯುದ್ಧಕ್ಕೆ ಸೇರಿದ್ದರು. ವಿಚಾರಿಸಲು ಹೋದ ಯಾಜಕ ಫೀನೆಹಾಸನೂ ಹತ್ತು ಮಂದಿ ಪ್ರಧಾನರೂ ಆರೋಪದಿಂದಲೇ ಮಾತು ಶುರುಮಾಡಿದರು, ನಿಜ. ಆದರೂ ಉತ್ತರವನ್ನು ಪೂರ್ತಿ ಕೇಳಿದರು. ವೇದಿ ಬಲಿಗಲ್ಲ, ಸಾಕ್ಷಿಗಾಗಿ ಕಟ್ಟಿದ್ದು ಎಂದು ತಿಳಿದು ಯುದ್ಧ ತಪ್ಪಿತು.

ತೀರ್ಮಾನವನ್ನು ಅದೇ ದಿನ ಹೇಳಬೇಡಿ. ಇಬ್ಬರಲ್ಲಿ ಒಬ್ಬರು ನಿಮ್ಮ ಬಂಧುವಾದರೆ ವಿಚಾರಣೆಯಿಂದ ನೀವೇ ಹಿಂದೆ ಸರಿಯಿರಿ.